ಕೆಂಚಿ, ಬೂದಿ ಮತ್ತು ನಡುವಿನ ಬಾಗಿಲು

ಬೆಕ್ಕುಗಳ ಜಗಳ ಬಿಡಿಸಲು ಹೋಗಿ ನನ್ನ ಎಡಗೈಗೆ ಬಿದ್ದ ಗೀರು ಇನ್ನೂ ಹಾಗೇ ಇದೆ. ಶಾಲೆಯಲ್ಲಿ ಹೆಡ್‌ಮಾಸ್ತರರು ಕೇಳಿದಾಗ ಮುಳ್ಳು ತರಚಿತು ಎಂದೆ. ಮುಂಬಯಿಯ ಕುರ್ಲಾದಲ್ಲಿ ಮುಳ್ಳೆಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ಯಾವುದನ್ನೂ ಎರಡನೇ ಸಲ ಕೇಳುವ ಮನುಷ್ಯ ಅವರಲ್ಲ.

ನಾನು ಗಂಗುಬಾಯಿ. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಎರಡನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತೇನೆ. ಸ್ಟೇಶನ್ನಿನ ಹತ್ತಿರದ ಒಂದು ಚಾಳಿನ ಮೊದಲ ಮಾಳಿಗೆಯಲ್ಲಿ ನಮ್ಮ ಮನೆ. ಒಂದು ಕೋಣೆ, ಒಂದು ಅಡಿಗೆಮನೆ, ನಡುವೆ ಒಂದು ಬಾಗಿಲು. ಅದರಲ್ಲಿ ಇಬ್ಬರು ಹೆಂಗಸರು: ನಾನು ಮತ್ತು ಚನ್ನವ್ವ. ನಾನು ಚನ್ನಕ್ಕ ಎನ್ನುವ ಈ ಚನ್ನವ್ವ ನನ್ನ ಗಂಡನ ಮೊದಲ ಹೆಂಡತಿ. ಹೌದು, ಸವತಿ. ಈ ಮಾತು ಕೇಳಿದವರೆಲ್ಲ ತುಟಿಯಂಚಿನಲ್ಲಿ ಒಂದು ಥರ ನಗುತ್ತಾರೆ, ಅದಕ್ಕೇ ಮೊದಲೇ ಹೇಳಿ ಮುಗಿಸುತ್ತೇನೆ.

ಗಂಡ ಸಿದ್ದರಾಮಪ್ಪನವರು ವಿಜಾಪುರದಿಂದ ಬಂದು ಮೂಳಜಿ ಮಾರ್ಕೆಟ್ಟಿನ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಚನ್ನಕ್ಕನನ್ನು ಮದುವೆಯಾಗಿ ಹತ್ತು ವರ್ಷ ಮಕ್ಕಳಾಗಲಿಲ್ಲವೆಂದು, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ ಹದಿನೇಳರ ನನ್ನನ್ನು ತಂದರು. ನನಗೂ ಆಗಲಿಲ್ಲ. ಅವರಿರುವತನಕ ನಾವಿಬ್ಬರೂ ದಿನಾ ಕಚ್ಚಾಡಿದೆವು. ಉಪ್ಪು ಯಾರು ಹಾಕಿದರು, ಕೊಡ ಯಾರು ಸರಿಸಿದರು, ಒಗೆದ ಸೀರೆ ಯಾರ ಹಗ್ಗದ ಮೇಲೆ ಬಿತ್ತು. ಅವರು ಗ್ಯಾಲರಿಯಲ್ಲಿ ಪೇಪರು ಬಿಚ್ಚಿಕೊಂಡು ಕೂತಿರುತ್ತಿದ್ದರು. ಅವರಿಗೆ ಮಾತ್ರ ಯಾರೂ ಏನೂ ಅನ್ನುತ್ತಿರಲಿಲ್ಲ. ಐದು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಜಗಳ ನಿಂತಿತು, ಅದರ ಜೊತೆ ಮಾತೂ ನಿಂತಿತು. ಒಂದೇ ಕೋಣೆಯಲ್ಲಿ ಮತ್ತೊಬ್ಬರು ಉಸಿರಾಡುವುದು ಕೇಳುತ್ತಿರುತ್ತದೆ, ಆದರೆ ದಿನವಿಡೀ ನಿಮ್ಮ ಹೆಸರು ಯಾರೂ ಕರೆಯುವುದಿಲ್ಲ. ಅದು ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು.

ಹಾಗಿರುವಾಗ ಬೆಕ್ಕುಗಳು ಬಂದವು. ಒಂದು ಮಳೆಗಾಲ ಯಾರದೋ ಬೆಕ್ಕು ನಮ್ಮ ಮಂಚದ ಕೆಳಗೆ ಎರಡು ಮರಿ ಹಾಕಿ, ವಾರ ಕಳೆಯುವುದರೊಳಗೆ ಲೋಕಲ್ ರೈಲಿಗೆ ಸಿಕ್ಕಿ ಸತ್ತಿತು. ಚನ್ನಕ್ಕ ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಎರಡನ್ನೂ ಉಳಿಸಿದಳು. ಬೂದು ಬಣ್ಣದ್ದು ಅವಳದಾಯಿತು, ಬೂದಿ. ಕೆಂಪನೆಯದು ನನ್ನದು, ಕೆಂಚಿ. ತಾಯಿಯ ಗತಿ ಕಂಡಿದ್ದರಿಂದ ಮರಿಗಳನ್ನು ಹೊಸ್ತಿಲು ದಾಟಿಸಲಿಲ್ಲ. ನಮ್ಮ ಹಾಗೇ ಹಾಲು ಅನ್ನ ಉಂಡು ಬೆಳೆದವು. ಇಲಿ ಸಿಕ್ಕಾಗ ಮಾತ್ರ ನಾವು ಆ ಕಡೆ ನೋಡುತ್ತಿರಲಿಲ್ಲ. ಎರಡೂ ಒಂದಕ್ಕೊಂದು ಬಾಲ ಸುತ್ತಿಕೊಂಡು ಒಂದೇ ಮುದ್ದೆಯಾಗಿ ಮಲಗುತ್ತಿದ್ದವು. ನಮ್ಮಿಬ್ಬರಿಗೆ ಮಾತಾಡಲಿಕ್ಕೆ ಒಂದು ದಾರಿಯಾಯಿತು. “ಬೂದೀ, ಅಕ್ಕಿ ಮುಗದಾವಂತ ಹೇಳು,” ಎಂದು ಚನ್ನಕ್ಕ ಬೆಕ್ಕಿಗೆ ಹೇಳುವಳು. ಬರುವಾಗ ತರುತ್ತೇನೆಂದು ನಾನು ಕೆಂಚಿಗೆ ಹೇಳುವೆ. ಮೂರು ವರ್ಷ ಹೀಗೆ ಸಂಸಾರ ನಡೆಯಿತು.

ನಮ್ಮ ವಿಜಾಪುರ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಹೋದ ವರ್ಷ, ದೀಪಾವಳಿ ಕಳೆದ ಮೇಲೆ, ಬೊರಿವಲಿಯಿಂದ ಈರಣ್ಣನ ಪತ್ರ ಬಂತು. ಈರಣ್ಣ ಚನ್ನಕ್ಕನ ಅಣ್ಣನ ಮಗ, ರೇಲ್ವೆ ಆಫೀಸಿನಲ್ಲಿ ಕ್ಲರ್ಕ್. ಚನ್ನಕ್ಕನಿಗೆ ಓದಲು ಬಾರದು, ಹೀಗಾಗಿ ನಾನೇ ಓದಿ ಹೇಳಿದೆ. ಹೆಂಡತಿ ಶೀಲಾವತಿ ಆರು ತಿಂಗಳ ಬಸುರಿ, ಹೊಸ ಮನೆ ದೊಡ್ಡದಿದೆ, ಬಾವಿಯ ನೀರಿದೆ, ಅತ್ತೆ ಬಂದು ಕಾಯಮ್ಮಾಗಿ ತಮ್ಮಲ್ಲೇ ಇರಬೇಕು. ಓದುವಾಗ ನನ್ನ ದನಿ ನಡುಗಲಿಲ್ಲ. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದ ದನಿ ಅದು. ಚನ್ನಕ್ಕ ಗೋಡೆ ನೋಡುತ್ತ ಕೂತು, ಸ್ವಲ್ಪ ದಿನ ಬಿಟ್ಟು ತಿಳಿಸುತ್ತೇನೆಂದು ಬರೆಯಲು ಹೇಳಿದಳು. ಬರೆದೆ. ಪೋಸ್ಟಿಗೂ ಹಾಕಿದೆ.

ಆದರೆ ಅವತ್ತಿನಿಂದ ನನಗೆ ಹೆದರಿಕೆ ಹತ್ತಿತು. ತವರಿನಲ್ಲಿ ನನ್ನವರೆಂದು ಯಾರೂ ಉಳಿದಿಲ್ಲ. ಈ ಊರಿನಲ್ಲಿ ಮಕ್ಕಳು ನನ್ನನ್ನು ಬಾಯಿ ಎನ್ನುತ್ತಾರೆ, ಚಾಳಿನವರು ಟೀಚರ್ ಎನ್ನುತ್ತಾರೆ. ನಾನು ಸೆರಗು ಹಿಡಿದುಕೊಂಡು ಬಂದ ಹುಡುಗಿಯಾಗಿದ್ದುದನ್ನು ಕಂಡವಳು ಚನ್ನಕ್ಕ ಒಬ್ಬಳೇ. ಅವಳು ಹೋದರೆ ನಾನು ಈ ಕೋಣೆಯಲ್ಲಿ ಒಬ್ಬಳು. ಹೋಗಬೇಡ ಎಂದರೆ ಒಂದೇ ಶಬ್ದದ ಮಾತು. ಆದರೆ ಸವತಿಗೆ ಆ ಮಾತು ಹೇಳಿ ನನಗೆ ರೂಢಿಯಿಲ್ಲ.

ಪತ್ರ ಬಂದ ಎರಡು ವಾರಕ್ಕೆ ಬೆಕ್ಕುಗಳು ಹೊಡೆದಾಡಿದವು. ನಮ್ಮ ಹಿಂದಿನ ಕಿಟಕಿಯ ಕೆಳಗೇ ಒಂದು ಲೇಥ್ ವರ್ಕ್‌ಶಾಪಿನ ತಗಡಿನ ಮಾಡು ಇದೆ. ಆ ದಿನಗಳಲ್ಲಿ ಎಲ್ಲಿಂದಲೋ ಒಂದು ಕರಿ ಗಂಡುಬೆಕ್ಕು ಬಂದು, ದಿನಾ ಮುಂಜಾನೆ ಆ ಮಾಡಿನ ಮೇಲೆ ಕೂತು ನಮ್ಮ ಕಿಟಕಿಯನ್ನೇ ದಿಟ್ಟಿಸತೊಡಗಿತು. ಕಿಟಕಿಗೆ ತಂತಿಯ ಜಾಳಿಗೆ ಹೊಡೆಸಿದ್ದೆವು. ಕೆಂಚಿ ಒಳಗಿನಿಂದ ಅದನ್ನು ನೋಡಿ ಬಾಲ ಬಡಿಯುತ್ತ, ಗಂಟಲಲ್ಲಿ ಏನೋ ಗೊಣಗುತ್ತ ಕೂಡುವುದು. ಒಂದು ದಿನ ಹೀಗೆ ಕೂತಿದ್ದಾಗ ಬೂದಿ ಹಿಂದಿನಿಂದ ಬಂದು, ಎಂದಿನಂತೆ ಮೂಸಿ ನೋಡಿತು. ಕೆಂಚಿ ಗಿರಕ್ಕನೆ ತಿರುಗಿ ಅದರ ಮೇಲೆ ಬಿತ್ತು. ಚಹಾದ ಪಾತ್ರೆ ಉರುಳಿತು. ಬಿಡಿಸುವಷ್ಟರಲ್ಲಿ ಬೂದಿಯ ಕಿವಿ ಹರಿದು ಕೆಂಚಿಯ ಎದೆಯ ಮೇಲೆಲ್ಲ ರಕ್ತವಾಗಿತ್ತು.

ದೃಷ್ಟಿ ತಾಗಿದೆ ಎಂದಳು ಚನ್ನಕ್ಕ. ವಿಭೂತಿ ಧರಿಸದೆ ಬಾಯಿಗೆ ನೀರು ಬಿಟ್ಟುಕೊಳ್ಳುವವಳಲ್ಲ ಅವಳು. ಮೈ ಕಾದರೆ ವಿಭೂತಿ, ಮನಸ್ಸು ಕೆಟ್ಟರೆ ವಿಭೂತಿ. ಬೂದಿಯ ಕಿವಿಗೆ ಅರಿಸಿನ ಹಚ್ಚಿ, ಹಣೆಗೂ ಬೆನ್ನಿಗೂ ಢಾಳಾಗಿ ವಿಭೂತಿ ಬಳಿದು, ಲೋಬಾನದ ಹೊಗೆ ಹಾಕಿದಳು. ನಾನೇನು ಕಡಿಮೆಯೇ? ರಕ್ತ ಮೆತ್ತಿದೆಯೆಂದು ಕೆಂಚಿಗೆ ಸೀಗೆಕಾಯಿ ಹಾಕಿ ತಲೆಯಿಂದ ಬಾಲದತನಕ ಎರೆದೆ. ಆಮೇಲೆ, ಜಗಳಾಡಿದ ಹುಡುಗರಿಗೆ ಕ್ಲಾಸಿನಲ್ಲಿ ಕೈ ಕೈ ಕೂಡಿಸುತ್ತೇನಲ್ಲ, ಹಾಗೆ ಇಬ್ಬರೂ ಒಂದೊಂದು ಬೆಕ್ಕು ಎತ್ತಿಕೊಂಡು ಮುಖಕ್ಕೆ ಮುಖ ಹಿಡಿದೆವು. ಮೊದಲು ಹೇಳಿದ ಗೀರು ಆಗ ಬಿದ್ದದ್ದು.

ಮರುದಿನ ಚನ್ನಕ್ಕ ಮತ್ತಷ್ಟು ವಿಭೂತಿ ಹಚ್ಚಿದಳು. ನಾನು ಕೆಂಚಿಗೆ ಮತ್ತೊಂದು ಸಲ ನೀರೆರೆದೆ. ಅವು ಮತ್ತೂ ಹೆಚ್ಚು ಹೊಡೆದಾಡಿದವು. ಐದನೆಯ ದಿನಕ್ಕೆ ಬೂದಿ ಮಂಚದ ಕೆಳಗಿನಿಂದ ಹೊರಗೇ ಬರಲಿಲ್ಲ, ಅಲ್ಲೇ ಉಚ್ಚೆ ಹೊಯ್ದುಕೊಂಡು ನಡುಗುತ್ತಿತ್ತು. ಅವತ್ತು ನಮ್ಮಿಬ್ಬರ ನಡುವೆ ಐದು ವರ್ಷದಲ್ಲಿ ಮೊದಲ ಜಗಳವಾಯಿತು. ನನ್ನ ಬೆಕ್ಕು ರಾಕ್ಷಸಿ ಎಂದಳು. ಅವಳ ಬೆಕ್ಕು ಹಿಂದಿನಿಂದ ಯಾಕೆ ಬರಬೇಕಿತ್ತು ಎಂದೆ.

“ಹಿಂಗಾದ್ರ ಬೂದೀನ್ನ ಕರಕೊಂಡು ನಾ ಬೊರಿವಲಿಗೆ ಹೋಗಿಬಿಡತೀನಿ.”

“ಹೋಗು,” ಎಂದೆ.

ಅಂದ ಮೇಲೆ ಗ್ಯಾಲರಿಗೆ ಬಂದು ಕಂಬ ಹಿಡಿದು ನಿಂತೆ. ಈ ಬೆಕ್ಕುಗಳು ಒಂದಾಗದಿದ್ದರೆ ಚನ್ನಕ್ಕ ಹೋಗುತ್ತಾಳೆ, ಒಂದಾದರೆ ಉಳಿಯುತ್ತಾಳೆ ಎಂದು ನನಗೆ ಅಷ್ಟೇ ತಿಳಿದದ್ದು. ನೆಟ್ಟಗೆ ಚಾಳಿನ ಕೊನೆಯ ಕೋಣೆಗೆ ಹೋದೆ. ಅಲ್ಲಿ ಉಡುಪಿ ಕಡೆಯ ಮೋನಪ್ಪ ಇದ್ದಾರೆ, ದನಗಳ ಆಸ್ಪತ್ರೆಯೊಂದರಲ್ಲಿ ಕಂಪೌಂಡರ್.

ಮೋನಪ್ಪ ಬಂದವರು ಬೆಕ್ಕು ನೋಡುವ ಮೊದಲು ಕಿಟಕಿ ನೋಡಿದರು. ತಗಡಿನ ಮೇಲಿನ ಕರಿಯನನ್ನು ಕಂಡು ತಲೆಯಾಡಿಸಿದರು.

“ಟೀಚರೇ, ಈ ಕೆಂಚಿಯ ಸಿಟ್ಟು ತಂಗಿಯ ಮೇಲೆ ಅಲ್ಲ. ಸಿಟ್ಟು ಅವನ ಮೇಲೆ. ಅವನು ಕೈಗೆ ಸಿಕ್ಕುವುದಿಲ್ಲ ಅಲ್ವಾ? ಹತ್ತಿರ ಇದ್ದದ್ದು ತಂಗಿ, ಅದಕ್ಕೆ ಹೊಡೆಯಿತು.”

ಚನ್ನಕ್ಕ ನೆಲ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಗ್ಯಾಲರಿಯಲ್ಲಿ ಪೇಪರು ಬಿಚ್ಚಿಕೊಂಡು ಕೂತಿರುತ್ತಿದ್ದವರು ನೆನಪಾದರು, ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಮೋನಪ್ಪನವರ ಮೇಲೆ ವಿಪರೀತ ಸಿಟ್ಟು ಬಂತು. ಬೆಕ್ಕಿಗೆ ಔಷಧ ಕೇಳಲು ಕರೆದರೆ ಈ ಮನುಷ್ಯ ಏನೆಲ್ಲ ಮಾತಾಡುತ್ತಾನೆ ಅನಿಸಿತು. ಪಾಪ, ಅವರು ಬೆಕ್ಕಿನ ವಿಷಯವನ್ನೇ ಹೇಳುತ್ತಿದ್ದರು.

ಆಮೇಲೆ ಅವರು ಬೂದಿಯನ್ನು ಎತ್ತಿ ಮೂಸಿ ಮುಖ ಸಿಂಡರಿಸಿದರು. “ಇದೇನು ಹಚ್ಚಿದ್ದೀರಿ ಮಾರಾಯ್ರೆ? ಬೆಕ್ಕು ಗುರ್ತು ಹಿಡಿಯುವುದು ಮೂಗಿನಲ್ಲಿ. ಒಂದಕ್ಕೆ ಸ್ನಾನ, ಒಂದಕ್ಕೆ ಹೊಗೆ. ಈಗ ಇವಳಿಗೆ ಅವಳು ತಂಗಿ ಅಲ್ಲ, ಅವಳಿಗೆ ಇವಳು ಅಕ್ಕ ಅಲ್ಲ. ದಿನಾ ಒಬ್ಬ ಹೊಸಬಳನ್ನು ತಂದು ಎದುರು ಹಿಡಿದ ಹಾಗೆ.”

ಚನ್ನಕ್ಕನ ಮುಖ ಸಣ್ಣದಾಯಿತು. ಕಾಪಾಡಲೆಂದು ಹಚ್ಚಿದ್ದೇ ಕೆಡಕಾಯಿತೆಂದರೆ ಅವಳು ತಡೆದುಕೊಳ್ಳುವುದು ಹೇಗೆ? ಮಠದಿಂದ ತಂದ ವಿಭೂತಿ ಎಂದು ಮೆಲ್ಲಗೆ ಅಂದಳು, ಅಷ್ಟೇ. ಯಾಕೋ ನನಗೆ ನೋಡಲಾಗಲಿಲ್ಲ. ವಿಭೂತಿಯದು ಅಷ್ಟೇನಿಲ್ಲ, ಸೀಗೆಕಾಯಿ ಹಾಕಿ ತಿಕ್ಕಿದ ನನ್ನದೇ ಹೆಚ್ಚಿನ ತಪ್ಪು ಎಂದು ಮೋನಪ್ಪನವರಿಗೆ ಹೇಳಿದೆ. ಚನ್ನಕ್ಕ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು. ನಾನು ಅವಳ ಪರವಾಗಿ ಮಾತಾಡಿದ್ದು ಅದೇ ಮೊದಲು.

ಮೋನಪ್ಪ ಹೇಳಿದ್ದು ಇಷ್ಟು. ಹೊರಗಿನವನು ಕಾಣದ ಹಾಗೆ ಕಿಟಕಿಗೆ ಕಾಗದ ಅಂಟಿಸಬೇಕು. ಎರಡನ್ನೂ ಬೇರೆ ಬೇರೆ ಇಡಬೇಕು, ಒಂದರ ಕಣ್ಣಿಗೆ ಇನ್ನೊಂದು ಬೀಳಬಾರದು. ಸ್ನಾನ, ಹೊಗೆ, ಬೈಗುಳ ಮೂರೂ ಬೇಡ. ಒಂದರ ಮೈ ಒರೆಸಿದ ಬಟ್ಟೆಯನ್ನು ಇನ್ನೊಂದರ ತಟ್ಟೆಯ ಕೆಳಗೆ ಹಾಸಬೇಕು. ಮುಚ್ಚಿದ ಬಾಗಿಲ ಈ ಕಡೆ ಒಂದು, ಆ ಕಡೆ ಒಂದು ತಟ್ಟೆ ಇಟ್ಟು, ಸಿಟ್ಟಿಲ್ಲದೆ ಉಂಡರೆ ದಿನಕ್ಕೊಂದು ಗೇಣು ಹತ್ತಿರ ತರಬೇಕು. ತಿಂಗಳು ಹಿಡಿಯಬಹುದು. ಮೀನು ಕೊಟ್ಟರೆ ಬೇಗ ಆಗುತ್ತದೆ ಎಂದು ಸೇರಿಸಿದರು. ಚನ್ನಕ್ಕ ಅವರನ್ನು ನೋಡಿದ ನೋಟಕ್ಕೆ, ಹಾಲಿನ ಕೆನೆಯೂ ಆಗುತ್ತದೆ ಎಂದು ತಾವೇ ತಿದ್ದಿಕೊಂಡರು.

ಹೀಗೆ ಮನೆ ಎರಡಾಯಿತು. ಅಡಿಗೆಮನೆಯಲ್ಲಿ ಚನ್ನಕ್ಕ ಮತ್ತು ಬೂದಿ, ಕೋಣೆಯಲ್ಲಿ ನಾನು ಮತ್ತು ಕೆಂಚಿ. ಶಾಲೆಯಿಂದ ತಂದ ಕಂದು ಕಾಗದವನ್ನು ಕಿಟಕಿಗೆ ಮೈದಾ ಅಂಟಿನಿಂದ ಮೆತ್ತಿದೆ. ಹಗಲಿನಲ್ಲೂ ಮಬ್ಬುಗತ್ತಲು. ವರ್ಕ್‌ಶಾಪಿನ ಮಿಸ್ತ್ರಿ ತನ್ನ ಡಬ್ಬಿಯ ಎಂಜಲನ್ನು ಕರಿಯನಿಗೆ ಹಾಕುತ್ತಿದ್ದ. ಕೆಳಗಿಳಿದು ಹೋಗಿ ನನಗೆ ಬರುವ ಮರಾಠಿಯಲ್ಲಿ ಕೈಮುಗಿದು ಕೇಳಿಕೊಂಡ ಮೇಲೆ, ರಸ್ತೆಯ ಕಡೆ ಹಾಕತೊಡಗಿದ. ಸ್ನಾನಕ್ಕೆ, ಅಡಿಗೆಗೆ ಓಡಾಡಬೇಕೆಂದರೆ ಮೊದಲು ಬಾಗಿಲು ತಟ್ಟಬೇಕು, ಆ ಕಡೆಯವರು ಬೆಕ್ಕು ಹಿಡಿದುಕೊಂಡೆ ಅನ್ನಬೇಕು. ಬೆಕ್ಕಿಗೆ ಹೇಳಿಸುವ ಆಟ ನಡೆಯುವಂತಿರಲಿಲ್ಲ. ಒಬ್ಬರಿಗೊಬ್ಬರು ನೇರ ಮಾತಾಡಲೇಬೇಕಾಯಿತು.

ಮೊದಲ ವಾರ ಬಾಗಿಲ ಸಂದಿಯಿಂದ ಬರೀ ಗುರುಗುಟ್ಟುವಿಕೆ. ಎಂಟನೇ ದಿನ ಕೆಂಚಿ ಬಟ್ಟೆಯನ್ನು ಮೂಸಿ, ಸುಮ್ಮನೆ ಕೆನೆ ನೆಕ್ಕಿತು. ದಿನಾ ಸಂಜೆ ಶಾಲೆಯಿಂದ ಬಂದವಳೇ ಬಾಗಿಲಿಗೆ ಒರಗಿ ನೆಲದ ಮೇಲೆ ಕೂಡುತ್ತಿದ್ದೆ. ಆ ಕಡೆ ಚನ್ನಕ್ಕ ಒರಗಿ ಕೂತಿರುವುದು ಹಲಗೆಯ ಅಲುಗಾಟದಲ್ಲಿ ಗೊತ್ತಾಗುತ್ತಿತ್ತು. ತಿನ್ನುತ್ತಿದೆಯೇ ಎಂದು ಕೇಳುವಳು. ತಿನ್ನುತ್ತಿದೆ ಎನ್ನುವೆ. ತಟ್ಟೆ ಖಾಲಿಯಾದ ಮೇಲೂ ಇಬ್ಬರೂ ಏಳುತ್ತಿರಲಿಲ್ಲ. ಮುಖ ಕಾಣದಿದ್ದರೆ ಮಾತು ಎಷ್ಟು ಸಲೀಸಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊದಲ ಸಲ ಸಮುದ್ರ ಕಂಡು, ಊರಿಗೆ ನೆರೆ ಬಂದಿದೆಯೆಂದು ಹೆದರಿ ಗಂಡನ ಅಂಗಿ ಹಿಡಿದುಕೊಂಡದ್ದನ್ನು ಹೇಳಿದಳು. ಮುಲ್ಕಿ ಪರೀಕ್ಷೆಯ ದಿನ ನನ್ನ ಪೆನ್ಸಿಲು ಮುರಿದದ್ದನ್ನು ನಾನು ಹೇಳಿದೆ. ಒಂದು ಸಂಜೆ ಅಂದಳು:

“ನೀ ಬಂದ ದಿನ ನಿನ್ನ ಕಾಲಾಗ ಚಪ್ಪಲಿ ಇದ್ದಿದ್ದಿಲ್ಲ ಗಂಗೂ. ಜಿನೇದ ಮೆಟ್ಟಲಾ ಹತ್ತಿ ಬರೂಮುಂದ ನಾ ನೋಡಿದೆ. ನಂದೊಂದು ಜೋಡು ಒಳಗ ಸುಮ್ಮನ ಬಿದ್ದಿತ್ತು. ಕೊಡಲಿಲ್ಲ.”

ನನಗೆ ಅಳು ಬಂತು. ಇಪ್ಪತ್ತನಾಲ್ಕು ವರ್ಷ ಅವಳು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳಲ್ಲ! ಕೆಂಚಿಯ ಬೆನ್ನು ಸವರುತ್ತ ಕೂತೆ.

ಹದಿನೆಂಟನೇ ದಿನ ಈರಣ್ಣನ ಎರಡನೇ ಪತ್ರ ಬಂತು. ಬಾಗಿಲ ಈ ಕಡೆಯಿಂದಲೇ ಓದಿ ಹೇಳಿದೆ. ಯಾವಾಗ ಬರುತ್ತೀ ಎಂದು ಕೇಳಿದ್ದ. ಸಂಕ್ರಾಂತಿ ಕಳೆಯಲಿ ಎಂದು ಬರೆಸಿದಳು. ಗಾಬರಿಯಲ್ಲಿ ನಾನು ಅವತ್ತೇ ಅವಸರ ಮಾಡಿದೆ. ಮೋನಪ್ಪನವರನ್ನು ಕೇಳದೆ ಬಾಗಿಲನ್ನು ಗೇಣಗಲ ತೆರೆದೆ. ಕೆಂಚಿ ಬೂದಿಯನ್ನು ಕಂಡದ್ದೇ ಮೈಯೆಲ್ಲ ಮುಳ್ಳು ಮಾಡಿಕೊಂಡು ಹಾರಿತು. ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಬೂದಿಯ ಮೂಗಿಗೆ ಉಗುರು ತಗುಲಿಯೇ ಬಿಟ್ಟಿತು. ಮತ್ತೆ ತಟ್ಟೆಗಳು ನಾಲ್ಕು ಮಾರು ದೂರಕ್ಕೆ ಹೋದವು. ಚನ್ನಕ್ಕ ಬಯ್ಯುತ್ತಾಳೆಂದು ಕಾದೆ. ಅವಳು ಬಯ್ಯಲಿಲ್ಲ. ಅವಸರ ಮಾಡಬೇಡ, ತಾನು ಎಲ್ಲಿಗೂ ಇವತ್ತೇ ಹೋಗುತ್ತಿಲ್ಲ ಎಂದಳು. ಆ ಮಾತು ಹಿಡಿದುಕೊಂಡು ನಾನು ಎಷ್ಟೋ ದಿನ ಖುಷಿಯಾಗಿದ್ದೆ.

ಸಂಕ್ರಾಂತಿಯ ಮರುದಿನ ಬಾಗಿಲು ಪೂರ್ತಿ ತೆರೆದೆವು. ಎರಡು ತಟ್ಟೆ, ನಡುವೆ ಒಂದು ಮೊಳ ಜಾಗ. ಕೆಂಚಿ ಉಂಡಿತು. ಬೂದಿ ಉಂಡಿತು. ಉಂಡು ಮುಗಿದ ಮೇಲೆ ಬೂದಿ ಹೊಟ್ಟೆ ನೆಲಕ್ಕೆ ಹಚ್ಚಿಕೊಂಡು ಮೆಲ್ಲಗೆ ಸರಿದು ಬಂದು ಕೆಂಚಿಯ ಕುತ್ತಿಗೆ ಮೂಸಿತು. ಕೆಂಚಿ ಕಣ್ಣು ಮುಚ್ಚಿಕೊಂಡು, ಬೂದಿಯ ಹರಿದ ಕಿವಿಯನ್ನು ನೆಕ್ಕತೊಡಗಿತು. ಚನ್ನಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿ ಹೋಗಿ ಪೇಢೆ ತಂದೆ, ಮೋನಪ್ಪನವರಿಗೂ ಕೊಟ್ಟೆ. ಗೆದ್ದೆ ಎಂದುಕೊಂಡೆ. ಆ ವಾರವೆಲ್ಲ ಶಾಲೆಯಲ್ಲಿ ಯಾವ ಹುಡುಗನಿಗೂ ಛಡಿ ತೋರಿಸಲಿಲ್ಲ.

ರವಿವಾರ ಮುಂಜಾನೆ ಭಾಜಿ ತೆಗೆದುಕೊಂಡು ಬಂದು ನೋಡಿದರೆ ಚನ್ನಕ್ಕನ ಟ್ರಂಕು ತೆರೆದಿತ್ತು. ಪಕ್ಕದಲ್ಲಿ ಸೀರೆಗಳನ್ನು ಮಡಚಿ ಇಟ್ಟಿದ್ದಳು. ಬೆಕ್ಕುಗಳೆರಡೂ ಆ ಸೀರೆಗಳ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಈರಣ್ಣ ಇನ್ನೊಂದು ತಾಸಿಗೆ ಬರುತ್ತಾನೆ ಎಂದಳು. ಕೆಳಗಿನ ಮನೆಯ ಹುಡುಗಿಯ ಕಡೆಯಿಂದ ತಾನೇ ಕಾರ್ಡು ಬರೆಸಿದ್ದಳಂತೆ. ಆ ಕಾರ್ಡನ್ನು ನನ್ನ ಕೈಯಿಂದ ಬರೆಸಲು ಅವಳಿಗೆ ಮನಸ್ಸಾಗಲಿಲ್ಲವಂತೆ. ಬೂದಿಯನ್ನು ಏನು ಮಾಡುತ್ತೀ ಎಂದು ಕೇಳಿದೆ.

“ಶೀಲಾವತಿಗೆ ಬೆಕ್ಕಂದ್ರ ಆಗಿಬರಂಗಿಲ್ಲಂತ. ಮೊದಲನ ಹೇಳಿದ್ರು. ಸಿಟ್ಟಿನ್ಯಾಗ ಕರಕೊಂಡು ಹೋಗತೀನಿ ಅಂದೆ, ಖರೇ ಏನು ಅದು? ಇವು ಒಂದಕ್ಕೊಂದು ಹೊಂದಲಿ ಅಂತನ ಇಷ್ಟು ದಿನ ನಿಂತೆ. ಬರೇ ಒಂದು ಬೆಕ್ಕಿನ ಕೂಡ ನಿನ್ನ ಬಿಟ್ಟು ಹೋಗೂದು ಮನಸ್ಸಿಗೆ ಬರಲಿಲ್ಲ. ಈಗ ಎರಡೂ ಕೂಡ್ಯಾವ. ನೀ ಒಬ್ಬಾಕಿ ಆಗಂಗಿಲ್ಲ.”

ನಾನು ಅವಳನ್ನು ಉಳಿಸಿಕೊಳ್ಳಲೆಂದು ಕಿಟಕಿಗೆ ಕಾಗದ ಮೆತ್ತಿದೆ. ಅವಳು ತಾನು ಹೋಗಲಿಕ್ಕೆಂದು ತಟ್ಟೆಯ ಕೆಳಗೆ ಬಟ್ಟೆ ಹಾಸಿದಳು. ಒಂದೇ ಬಾಗಿಲ ಎರಡು ಕಡೆ ಕೂತು ಇಬ್ಬರೂ ಒಂದೇ ಕೆಲಸ ಮಾಡಿದ್ದೆವು. ನನಗೆ ಸಿಟ್ಟು ಬಂತು. ಈರಣ್ಣನ ಮೇಲೆ, ಹುಟ್ಟದ ಕೂಸಿನ ಮೇಲೆ, ಸತ್ತ ಗಂಡನ ಮೇಲೆ. ಅವರ್ಯಾರೂ ಅಲ್ಲಿರಲಿಲ್ಲ. ಚನ್ನಕ್ಕ ಟ್ರಂಕಿನಲ್ಲಿ ಒಂದು ಕೌದಿಯನ್ನು ಇಡುತ್ತಿದ್ದಳು. ಹಳೇ ಇಳಕಲ್ ಸೀರೆಗಳ ಚೂರು ಸೇರಿಸಿ ಅವಳ ತಾಯಿ, ಅಂದರೆ ಈರಣ್ಣನ ಆಯಿ, ಹೊಲಿದ ಕೌದಿ. ಅವಳು ಮುಂಬಯಿಗೆ ಬರುವಾಗ ತಲೆಯ ಮೇಲೆ ಹೊತ್ತು ತಂದದ್ದು.

ಹೋಗಬೇಡ ಎನ್ನಬೇಕಾಗಿತ್ತು. ಬಾಯಿ ತೆರೆದೆ.

“ಆ ಕೌದಿ ನಂದು,” ಎಂದೆ. “ಅದನ್ನ ಯಾಕ ತುರುಕತಿ?”

ಚನ್ನಕ್ಕನ ಕೈ ನಿಂತಿತು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಈಗ ಜಗಳಾಡುತ್ತಾಳೆ ಎಂದುಕೊಂಡೆ. ಜಗಳಾಡಲಿ, ಮಧ್ಯಾಹ್ನದತನಕ ಆಡಲಿ, ಗಾಡಿ ತಪ್ಪಲಿ ಎಂದು ಆಸೆಪಟ್ಟೆ. ಅವಳು ಕೌದಿಯನ್ನು ಹೊರಗೆ ತೆಗೆದು, ಕೊಡವಿ, ನನ್ನ ಮಂಚದ ಮೇಲೆ ಹಾಸಿ ನಾಲ್ಕೂ ಮೂಲೆ ಎಳೆದಳು.

ಈರಣ್ಣ ಬಂದ. ಚಹಾ ಮಾಡಿದೆ. ಕುಡಿದು ಟ್ರಂಕನ್ನು ಹೆಗಲಿಗೆ ಏರಿಸಿಕೊಳ್ಳುವಾಗ ಅವನ ಕಣ್ಣು ಮಂಚದ ಮೇಲೆ ಬಿತ್ತು.

“ಅತ್ತಿ, ಅದು ನಮ್ಮ ಆಯಿ ಹೊಲಿದ ಕೌದಿ ಅಲ್ಲೇನು? ತಗೋವಾ.”

“ಅಲ್ಲೋ,” ಎಂದಳು ಚನ್ನಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತ. “ಅದು ಗಂಗೂಂದು.”

ಅವರು ಜಿನೆ ಇಳಿದು ಹೋದರು. ನಾನು ಬೆಕ್ಕುಗಳು ಹೊರಗೆ ಬಾರದಂತೆ ಬಾಗಿಲು ಹಾಕಿಕೊಂಡೆ.